ಯಾರ ಮನೆಯ ಜ್ವರ

"ನರ್ಸಬಾಯಾರ, ಇಂಥಾ ರೋಗ ಬರ್ತದಂತ ಕಾಲಜ್ಞಾನದಾಗ ಎಂದೋ ಬರದಾದ. ಯಾರು ಉಳೀಬೇಕು, ಯಾರು ಹೋಗಬೇಕು ಅಂಬೋದು ಹಣ್ಯಾಗ ಬರದಾದ. ಎಲ್ಲಾ ಬರದಾದ ಮ್ಯಾಲ ನೀವು ಮನಿಮನಿ ತಿರುಗಿ ಮತ್ತ ಬರಕೊಳ್ಳೋದು ಏನದ?"

2009ರ ಶ್ರಾವಣದಲ್ಲಿ ಕೊಡೇಕಲ್ಲಿನ ಹಿರಿಯರೊಬ್ಬರು ನನ್ನನ್ನು ಹೀಗೆ ಕೇಳಿದರು. ಅವರು ಕೆಣಕಲು ಕೇಳಿದ್ದಲ್ಲ, ತಿಳಿಯಲು ಕೇಳಿದ್ದು. ಕೊಡೇಕಲ್ಲು ಹದಿನಾರನೆಯ ಶತಮಾನದ ಕೊಡೇಕಲ್ಲ ಬಸವಣ್ಣನವರ ಊರು. ಮುಂದಾಗುವುದನ್ನು ಹೇಳುವ ಕಾಲಜ್ಞಾನದ ಪರಂಪರೆ ಅಲ್ಲಿ ಇಂದಿಗೂ ಜೀವಂತ. ಹಿಂದೂಗಳೂ ಮುಸ್ಲಿಮರೂ ಕೂಡಿಯೇ ನಡೆದುಕೊಳ್ಳುವ ಸ್ಥಳ ಅದು. ಅಂಥ ಊರಿನಲ್ಲಿ ಈ ಪ್ರಶ್ನೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಿ ಮುಂದಿನ ಮನೆಗೆ ಹೋಗುವುದು ನನಗೆ ಸರಿ ಕಾಣಲಿಲ್ಲ. ಆವತ್ತು ಮಳೆ ಬರುವಂತಿತ್ತು, ಏನೋ ಒಂದು ಹೇಳಿ ಬಂದೆ. ಪ್ರಶ್ನೆ ಮಾತ್ರ ನನ್ನ ಜೊತೆಗೇ ಉಳಿಯಿತು. ಈಗ ನಿವೃತ್ತಳಾಗಿ ಹುಣಸಗಿಯಲ್ಲೇ ಇದ್ದೇನೆ. ನನಗೆ ತಿಳಿದಷ್ಟನ್ನು ಬರೆದಿಡುತ್ತೇನೆ.

ಆಗ ನಾನು ಹುಣಸಗಿ ಸುತ್ತಿನ ಒಂದು ಉಪಕೇಂದ್ರದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಹುಣಸಗಿ ಇನ್ನೂ ಸುರಪುರ ತಾಲ್ಲೂಕಿನಲ್ಲಿತ್ತು. ಯಾದಗಿರಿ ಜಿಲ್ಲೆ ಆದದ್ದು ಆ ವರ್ಷದ ಡಿಸೆಂಬರ್ ಕೊನೆಗೆ. ನಮ್ಮ ಕಾಗದಗಳೆಲ್ಲ ಗುಲಬರ್ಗಕ್ಕೆ ಹೋಗುತ್ತಿದ್ದವು. ಅವುಗಳಲ್ಲಿ ಒಂದು ಎಸ್ ಫಾರಂ. 2004ರಲ್ಲಿ ಶುರುವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ ಮೂರು ಬಗೆಯ ಫಾರಂ. ಪ್ರಯೋಗಾಲಯದವರು ತುಂಬುವುದು ಎಲ್, ಡಾಕ್ಟರು ತುಂಬುವುದು ಪಿ, ನಮ್ಮಂಥವರು ಕಣ್ಣಿಗೆ ಕಂಡ ಲಕ್ಷಣ ನೋಡಿ ತುಂಬುವುದು ಎಸ್. ಸೋಮವಾರದಿಂದ ಭಾನುವಾರದವರೆಗಿನ ವಾರದಲ್ಲಿ ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ಕೆಮ್ಮು, ಎಷ್ಟು ಜನಕ್ಕೆ ವಾಂತಿಭೇದಿ, ಕಾಮಾಲೆ. ಅದರಲ್ಲಿ ಗಂಡೆಷ್ಟು, ಹೆಣ್ಣೆಷ್ಟು, ಐದು ವರ್ಷದೊಳಗಿನ ಕೂಸುಗಳೆಷ್ಟು, ಸತ್ತವರೆಷ್ಟು. ಫಾರಂನಲ್ಲಿ ಹೆಸರಿಗೆ ಜಾಗ ಇರಲಿಲ್ಲ. ಹೆಸರು, ಮನೆ, ಯಾವ ಊರಿಂದ ಬಂದರು ಎಂಬುದೆಲ್ಲ ನನ್ನ ಡೈರಿಯಲ್ಲಿ.

ಆ ವರ್ಷ ಏಪ್ರಿಲ್‌ನಲ್ಲಿ ಮೆಕ್ಸಿಕೋದಿಂದ ಹಂದಿಜ್ವರದ ಸುದ್ದಿ ಬಂತು. ಮೇ 16ಕ್ಕೆ ನಮ್ಮ ದೇಶದ ಮೊದಲ ಪ್ರಕರಣ ಹೈದರಾಬಾದಿನಲ್ಲಿ ಖಚಿತವಾಯಿತು. ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಈ ಎಚ್‌1ಎನ್‌1 ಜ್ವರವನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. ಇವೆಲ್ಲ ನಮಗೆ ದೂರದ ಮಾತಾಗಿದ್ದವು. ಆಗಸ್ಟ್ 3ರಂದು ಪುಣೆಯಲ್ಲಿ ಹದಿನಾಲ್ಕು ವರ್ಷದ ಹುಡುಗಿ ತೀರಿಕೊಂಡಾಗ ಹತ್ತಿರ ಬಂದವು, ಏಕೆಂದರೆ ಪುಣೆ ನಮಗೆ ದೂರದ ಊರಲ್ಲ. ನಮ್ಮ ಹಳ್ಳಿಗಳಿಂದ, ತಾಂಡಾಗಳಿಂದ ಗುಳೆ ಹೋದವರು ಅಲ್ಲಿ ಗಾರೆ ಹೊತ್ತು, ಸೆಂಟ್ರಿಂಗ್ ಕಟ್ಟಿ ದುಡಿಯುತ್ತಾರೆ. ಹಬ್ಬಕ್ಕೆ, ಜಾತ್ರೆಗೆ, ಮಣ್ಣಿಗೆ ಬಸ್ಸು ಹತ್ತಿ ಬರುತ್ತಾರೆ. ಶ್ರಾವಣ ಮುಗಿಯುತ್ತಲೇ ಗಣಪತಿ ಕೂತ, ರಂಜಾನ್ ಶುರುವಾಯಿತು. ಬಸ್ಸುಗಳು ತುಂಬಿ ಬಂದವು.

ಅದೇ ಆಗಸ್ಟ್‌ನಲ್ಲಿ ನಿಯಮ ಬದಲಾಯಿತು. ರೋಗಿಗಳನ್ನು ಎ, ಬಿ, ಸಿ ಎಂದು ಮೂರು ಭಾಗ ಮಾಡಿದರು. ಸಾದಾ ಜ್ವರ-ಕೆಮ್ಮಿನವರು ಎ: ಮನೆಯಲ್ಲೇ ಇರಲಿ, ಪರೀಕ್ಷೆ ಬೇಡ. ಜ್ವರ ಹೆಚ್ಚಿದ್ದವರು, ಬಸುರಿಯರು, ಬೇರೆ ರೋಗ ಇದ್ದವರು ಬಿ: ಬೇಕಾದರೆ ಒಸೆಲ್ಟಾಮಿವಿರ್ ಮಾತ್ರೆ ಕೊಡಿ, ಪರೀಕ್ಷೆ ಬೇಡ. ಉಸಿರು ಕಟ್ಟಿದವರು, ಎದೆ ಹಿಡಿದವರು ಸಿ: ಆಸ್ಪತ್ರೆಗೆ ಸೇರಿಸಿ, ಗಂಟಲು ದ್ರವ ಕಳಿಸಿ. ಹೀಗೆ ಮಾಡಿದ್ದು ನ್ಯಾಯವೇ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಬೆರಳೆಣಿಕೆಯ ಪ್ರಯೋಗಾಲಯಗಳಿಗೆ ಊರೂರಿನ ಕೆಮ್ಮನ್ನೆಲ್ಲ ಪರೀಕ್ಷೆ ಮಾಡಲಾಗುತ್ತಿರಲಿಲ್ಲ. ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿ ಎಣಿಸುವುದು ಇನ್ನು ಆಗದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಜುಲೈ ತಿಂಗಳಲ್ಲೇ ಹೇಳಿತ್ತು.

ಆದರೆ ಇದರ ಅರ್ಥ ಏನಾಯಿತು ನೋಡಿ. ಹುಣಸಗಿ ಸುತ್ತಿನ ಹಳ್ಳಿಯಲ್ಲಿ ಆ ರೋಗ ಬಂದರೆ ಅದು ರೋಗದ ಹೆಸರಿನಲ್ಲಿ ಎಲ್ಲೂ ಕಾಣುವುದಿಲ್ಲ. ಕಂಡರೆ ನನ್ನ ಫಾರಂನ ಜ್ವರ-ಕೆಮ್ಮಿನ ಸಾಲಿನಲ್ಲಿ ಕಾಣಬೇಕು. ಹೋದ ವಾರ ನಾಲ್ಕಿದ್ದದ್ದು ಈ ವಾರ ಇಪ್ಪತ್ತಾದರೆ ಮೇಲಿನವರು ಕಣ್ಣೆತ್ತಿ ನೋಡಬೇಕು. ಆ ಸಾಲಿನಲ್ಲಿ ನಾನು ಸುಳ್ಳು ಬರೆದರೆ, ಅಥವಾ ಕೂತಲ್ಲೇ ಬರೆದರೆ, ಆ ಊರಿನ ಕಷ್ಟ ಲೋಕಕ್ಕೆ ಇಲ್ಲವೇ ಇಲ್ಲ.

ಹಿರಿಯರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಶುರುವಾಗುತ್ತದೆ. ಕಾಲಜ್ಞಾನ ಕಾಲವನ್ನು ಹೇಳುತ್ತದೆ, ಮನೆಯನ್ನು ಹೇಳುವುದಿಲ್ಲ. ರೋಗ ಬರುತ್ತದೆ ಎಂಬ ಮಾತು ಎಷ್ಟೇ ನಿಜವಾಗಲಿ, ತಾಂಡಾದ ಕಡೆಯ ಮನೆಯಲ್ಲಿ ಮೂರು ದಿನದಿಂದ ಮಲಗಿರುವ ಬಸುರಿಯ ಬಾಗಿಲಿಗೆ ಅದು ನನ್ನನ್ನು ಮುಟ್ಟಿಸಲಾರದು. ನಾನು ಬರೆಯುವುದು ಆ ಬಾಗಿಲನ್ನು.

ಹಣೆಬರಹದ ಮಾತು ಇದಕ್ಕಿಂತ ಗಟ್ಟಿ. ದೇವರು ಬರೆದದ್ದನ್ನು ಯಾರು ಅಳಿಸುತ್ತಾರೆ ಎನ್ನುವುದು ವಿನಯದ ಮಾತಿನಂತೆ ಕೇಳುತ್ತದೆ. ನಾನು ಬಹಳ ಯೋಚಿಸಿದ್ದೇನೆ, ನನಗೆ ಅದರೊಳಗೆ ವಿನಯ ಕಾಣುವುದಿಲ್ಲ. ಒಬ್ಬ ಮನುಷ್ಯ ಜ್ವರದಲ್ಲಿ ಬಿದ್ದಿರುವಾಗ 'ಅವನ ಆಯುಷ್ಯ ಅಷ್ಟೇ' ಎಂದು ಅತ್ತ ತಿರುಗುವವನು, ಆ ಹಣೆಯಲ್ಲಿ ಏನು ಬರೆದಿದೆ ಎಂಬುದನ್ನು ತಾನು ಓದಿದ್ದೇನೆ ಎಂದೇ ಹೇಳಿದಂತಾಯಿತಲ್ಲ? ಬ್ರಹ್ಮ ಬರೆದದ್ದು ಬ್ರಹ್ಮನಿಗೆ ಗೊತ್ತು. ನನಗೆ ಕಾಣುವುದು ನಾಲಿಗೆ ಒಣಗಿದ್ದು, ಉಸಿರು ಏರಿದ್ದು. ಕಾಣದ ಬರಹದ ನೆಪದಲ್ಲಿ ಕಾಣುವ ಜ್ವರವನ್ನು ಬಿಟ್ಟು ಬರುವ ಅಧಿಕಾರ ನನಗೆ ಯಾರು ಕೊಟ್ಟರು?

ಹುಣಸಗಿಯ ಮೌಲ್ವಿ ಸಾಹೇಬರೊಬ್ಬರು ಇದೇ ಪ್ರಶ್ನೆಗೆ ತಮ್ಮ ಕಡೆಯ ಕಥೆ ಹೇಳಿದರು. ಖಲೀಫ ಉಮರ್ ಸಿರಿಯಾದ ಕಡೆ ಹೊರಟಿದ್ದಾಗ ಅಲ್ಲಿ ಪ್ಲೇಗು ಬಿದ್ದ ಸುದ್ದಿ ದಾರಿಯಲ್ಲೇ ಬಂತು. ಅವರು ಹಿಂದಿರುಗಲು ನಿರ್ಧರಿಸಿದಾಗ ಅವರ ಸೇನಾಪತಿ ಅಬು ಉಬೈದಾ, 'ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ' ಎಂಬಂತೆ ಕೇಳಿದರಂತೆ. ಹಿಂದಿರುಗುವುದೂ ಅವನ ವಿಧಿಯೊಳಗೇ ಇದೆ ಎಂಬುದು ಉಮರ್ ಕೊಟ್ಟ ಉತ್ತರದ ಸಾರ. ಅಬು ಉಬೈದಾ ಮುಂದೆ ಅದೇ ಪ್ಲೇಗಿನಲ್ಲಿ ತೀರಿಕೊಂಡರು. ಅವರ ನಂಬಿಕೆಯನ್ನು ಕಡಿಮೆ ಎನ್ನುವಂತಿಲ್ಲ. ಆದರೂ ಆ ಕಥೆ ಕೇಳಿದಾಗ ನನಗೆ ಸಮಾಧಾನವಾಯಿತು: ರೋಗ ವಿಧಿಯಾದರೆ, ಅದರ ಸುದ್ದಿಯನ್ನು ದಾರಿಯವರೆಗೆ ತಂದು ಮುಟ್ಟಿಸಿದವನೂ ವಿಧಿಯ ಒಳಗಿನವನೇ.

ಇನ್ನೊಂದು ಅಡ್ಡಿ ಮನೆಯ ಹೆಣ್ಣುಮಕ್ಕಳಿಂದ ಬರುತ್ತಿತ್ತು. ನಮ್ಮಲ್ಲಿ ಉಣ್ಣಲು ಕೂತ ಮಕ್ಕಳನ್ನು ಎಣಿಸಬಾರದು, ದೃಷ್ಟಿಯಾಗುತ್ತದೆ. ಅಮ್ಮ ಬಂದ ಮನೆಯಲ್ಲಿ ರೋಗ ಎಂಬ ಮಾತೇ ಎತ್ತಬಾರದು, ಬಾಗಿಲಿಗೆ ಬೇವು ಕಟ್ಟಿ ಸುಮ್ಮನಿರಬೇಕು. "ಎಷ್ಟ ಮಂದಿಗಿ ಜ್ವರ ಬಂದಾವ್ರಿ ಅಂತ ಎಣಸಬ್ಯಾಡ್ರಿ ಬಾಯಾರ, ಇನ್ನೂ ಹೆಚ್ಚಾಗ್ತಾವ" ಎಂದು ಒಬ್ಬ ಅಜ್ಜಿ ನನ್ನ ಪೆನ್ನು ಹಿಡಿದುಕೊಂಡಿದ್ದಳು. ನನ್ನ ಜೊತೆ ಕೆಲಸ ಮಾಡಿದ ಕ್ರೈಸ್ತ ಸಿಸ್ಟರ್ ಒಬ್ಬರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಬೈಬಲ್ಲಿನಲ್ಲಿ ರಾಜ ದಾವೀದ ಜನಗಣತಿ ಮಾಡಿಸಿದ್ದಕ್ಕೆ ದೇವರು ಮುನಿದು ವ್ಯಾಧಿ ಕಳಿಸಿದ, ಎಪ್ಪತ್ತು ಸಾವಿರ ಜನ ಸತ್ತರು ಎಂದರು. ಜನರನ್ನು ಎಣಿಸುವುದು ಅಷ್ಟು ದೊಡ್ಡ ಪಾಪವೇ ಎಂದು ಕೇಳಿದೆ. ದಾವೀದ ಎಣಿಸಿದ್ದು ಕತ್ತಿ ಹಿಡಿಯಬಲ್ಲ ಗಂಡಸರನ್ನು, ಅದನ್ನು ಮರೆಯಬೇಡಿ ಎಂದರು ಸಿಸ್ಟರ್.

ಆ ಮಾತು ನನ್ನ ಮನಸ್ಸಿನಲ್ಲಿ ಬಹಳ ಕೆಲಸ ಮಾಡಿದೆ. ಎಣಿಕೆಯಲ್ಲಿ ಎರಡು ಬಗೆ ಇವೆ. ಎಣಿಸಿದವನಿಗೆ ಬೇಕೆಂದು ಮಾಡುವ ಎಣಿಕೆ ಒಂದು: ಸೈನ್ಯಕ್ಕೆ, ಕಂದಾಯಕ್ಕೆ, ಗುರಿ ಮುಟ್ಟಿದೆವೆಂದು ತೋರಿಸುವುದಕ್ಕೆ. ಎಣಿಸಿಕೊಂಡವರಿಗಾಗಿ ಮಾಡುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಅದೇ ಪೆನ್ನು, ಅದೇ ಗೆರೆ ಹಾಕಿದ ಕಾಗದ. ನನ್ನ ಕೈ ಹಿಡಿದ ಅಜ್ಜಿಗೆ ಮೊದಲ ಬಗೆಯ ಎಣಿಕೆಯ ಅನುಭವವೇ ಹೆಚ್ಚಿತ್ತು. ಅವಳ ಅನುಮಾನವನ್ನು ನಾನು ಗೌರವಿಸುತ್ತೇನೆ.

ಹಾಗಾದರೆ ಎರಡನೆಯ ಬಗೆ ಎಂದು ಹೇಗೆ ತಿಳಿಯುವುದು? ಒಂದೇ ಗುರುತು ನನಗೆ ಗೊತ್ತಿರುವುದು. ಬರೆದುಕೊಂಡವರು ಮತ್ತೆ ಆ ಬಾಗಿಲಿಗೆ ಬರಬೇಕು. ನಾನು ಇಷ್ಟಲಿಂಗ ಕಟ್ಟಿಕೊಂಡ ಮನೆಯವಳು. ಕಲ್ಯಾಣದ ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿ, ಲೆಕ್ಕ ಬರೆಯುವವರಾಗಿ ಕಾಯಕ ಶುರುಮಾಡಿದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಲೆಕ್ಕದ ಕೆಲಸ ಶರಣರಿಗೆ ಕೀಳಾಗಿರಲಿಲ್ಲ. ಆದರೆ ಕಾಯಕ ದಾಸೋಹಕ್ಕೆ ಸೇರಬೇಕು ಎಂಬುದು ಅವರ ನಿಲುವು. ಒಂದು ಮನೆಯಿಂದ ನಾನು ಹೆಸರು, ವಯಸ್ಸು, ನೋವು ಇಷ್ಟನ್ನು ತೆಗೆದುಕೊಂಡು ಬಂದೆ ಎಂದರೆ ಆ ಮನೆಯ ಸಾಲ ನನ್ನ ತಲೆ ಮೇಲೆ ಕೂತಿತು. ಮಾತ್ರೆಯೋ, ಗಾಡಿಯೋ, ಕಡೆಗೆ 'ಹ್ಯಾಂಗದೀ ತಂಗಿ' ಎಂಬ ಒಂದು ಮಾತೋ, ಏನಾದರೂ ತಿರುಗಿ ಹೋಗಬೇಕು. ಚಿತ್ರಗುಪ್ತ ಬರೆಯುತ್ತಾನೆ, ತಿರುಗಿ ಬರುವುದಿಲ್ಲ. ನಾವು ಚಿತ್ರಗುಪ್ತರಾಗುವಂತಿಲ್ಲ.

ಆ ವರ್ಷದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ನಮ್ಮ ಕಡೆಯವರು ಮರೆತಿಲ್ಲ. ಉತ್ತರ ಕರ್ನಾಟಕವೆಲ್ಲ ಮುಳುಗಿತು. ಮಣ್ಣಿನ ಮಾಳಿಗೆಯ ಮನೆಗಳು ರಾತ್ರೋರಾತ್ರಿ ಕುಸಿದವು. ಜನ ಶಾಲೆಗಳಲ್ಲಿ, ಗಂಜಿ ಕೇಂದ್ರಗಳಲ್ಲಿ ಒಬ್ಬರ ಮೈಗೊಬ್ಬರು ತಾಗಿ ಮಲಗಿದರು. ಪತ್ರಿಕೆಗಳಲ್ಲಿ ಹಂದಿಜ್ವರದ ಸುದ್ದಿ ಹಿಂದಕ್ಕೆ ಹೋಯಿತು, ನೆರೆಯ ಸುದ್ದಿ ಮುಂದೆ ಬಂತು. ಜ್ವರಕ್ಕೆ ಅದು ಗೊತ್ತಿರಲಿಲ್ಲ. ಒದ್ದೆ ಗೋಡೆಯ ಕೋಣೆಯಲ್ಲಿ ಕೆಮ್ಮು ಒಬ್ಬರಿಂದೊಬ್ಬರಿಗೆ ಹೋಗುತ್ತಲೇ ಇತ್ತು. ಹಳ್ಳ ತುಂಬಿ ದಾರಿ ಕಡಿದಿದ್ದರಿಂದ ಎರಡು ಊರುಗಳಿಗೆ ನನಗೆ ಹೋಗಲಾಗಲಿಲ್ಲ. ಸೋಮವಾರ ಫಾರಂ ಕೊಡಬೇಕು. "ಸೊನ್ನಿ ಹಾಕಿ ಕೊಡ್ರಿ, ಎಲ್ಲಾರೂ ಹಂಗ ಮಾಡ್ತಾರ" ಎಂದು ಹೇಳಿದವರಿದ್ದರು. ಅವರು ಕೆಟ್ಟವರಲ್ಲ; ಅವರ ಮೇಲೂ ಕಾಗದ ಬೇಗ ಮುಟ್ಟಿಸಬೇಕೆಂಬ ಒತ್ತಡವಿತ್ತು.

ಸೊನ್ನೆಯ ವಿಷಯದಲ್ಲಿ ನಾನು ಹಟಮಾರಿ. ರೋಗ ಇಲ್ಲದ ವಾರವೂ ವರದಿ ಕೊಡಬೇಕು, ಸೊನ್ನೆ ಬರೆದೇ ಕೊಡಬೇಕು ಎಂಬುದು ಈ ವ್ಯವಸ್ಥೆಯ ನಿಯಮ. ನನ್ನ ಮಟ್ಟಿಗೆ ಅದರಲ್ಲಿ ಬಹಳ ದೊಡ್ಡ ಧರ್ಮ ಇದೆ. ಮನೆಮನೆ ತಿರುಗಿ, ಕೇಳಿ, ಯಾರಿಗೂ ಜ್ವರವಿಲ್ಲ ಎಂದು ಕಂಡುಕೊಂಡು ಹಾಕಿದ ಸೊನ್ನೆ ಒಂದು ಸಾಕ್ಷಿ: ನಾನು ಹೋಗಿದ್ದೆ, ನೋಡಿದೆ, ಎಲ್ಲರೂ ನೆಟ್ಟಗಿದ್ದಾರೆ. ಹೋಗದೆ ಹಾಕಿದ ಸೊನ್ನೆಯೂ ಕಾಗದದ ಮೇಲೆ ಅಷ್ಟೇ ದುಂಡಗಿರುತ್ತದೆ. ಮೇಲೆ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೇರೆ ಸುಳ್ಳುಗಳನ್ನು ಯಾರಾದರೂ ಹಿಡಿಯಬಹುದು. ಇದಕ್ಕೆ ದೇವರೂ ನಾನೂ ಇಬ್ಬರೇ ಸಾಕ್ಷಿ. ಕಳ್ಳತನ, ಕೊಲೆ, ವ್ಯಭಿಚಾರಗಳ ಬಗ್ಗೆ ನಮ್ಮ ಪುರಾಣಿಕರು ಗಂಟೆಗಟ್ಟಲೆ ಹೇಳುತ್ತಾರೆ. ನೋಡದೇ 'ಏನೂ ಇಲ್ಲ' ಎಂದ ಪಾಪದ ಬಗ್ಗೆ ಯಾರಾದರೂ ಪ್ರವಚನ ಮಾಡಿದ್ದನ್ನು ನಾನು ಕೇಳಿಲ್ಲ. ಮಾಡಬೇಕು ಎನ್ನುವುದು ನನ್ನ ಆಸೆ. ಆ ವಾರ ಎರಡು ಊರುಗಳ ಲೆಕ್ಕ ಖಾಲಿ ಬಿಟ್ಟು 'ಹಳ್ಳ ಬಂದು ಹೋಗಲಾಗಿಲ್ಲ' ಎಂದು ಬರೆದುಕೊಟ್ಟೆ. ಖಾಲಿ ಜಾಗ ಕಂಡರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆ; ಸೊನ್ನೆಯನ್ನು ಯಾರೂ ಕೇಳುವುದಿಲ್ಲ.

ನೋಡದೇ ಇದ್ದದ್ದು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ನಮ್ಮ ಸೀಮೆಯ ಹಳೆಯ ಲೆಕ್ಕವೇ ಸಾಕು. 1918ರ ಜೂನ್‌ನಲ್ಲಿ ಇನ್‌ಫ್ಲುಯೆಂಜಾ ಮುಂಬೈ ಬಂದರಿಗೆ ಬಂತು, ಸೆಪ್ಟೆಂಬರಿನಲ್ಲಿ ಉಗ್ರವಾಗಿ ಮರಳಿತು, ರೈಲು ಹಳಿಗುಂಟ ಒಳನಾಡಿಗೆ ಇಳಿಯಿತು. ನಮ್ಮ ಯಾದಗಿರಿ ಮುಂಬೈ-ಮದ್ರಾಸು ಹಳಿಯ ಮೇಲಿನ ನಿಲ್ದಾಣ. ಮಳೆಯೂ ಕೈಕೊಟ್ಟ ವರ್ಷ ಅದು. ಇಡೀ ಭಾರತದಲ್ಲಿ ಸತ್ತವರನ್ನು ಒಬ್ಬ ವಿದ್ವಾಂಸರು 1.4 ಕೋಟಿಯ ಹತ್ತಿರ ಎನ್ನುತ್ತಾರೆ, ಇನ್ನೊಬ್ಬರು 1.8 ಕೋಟಿ ಎನ್ನುತ್ತಾರೆ. ಆ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಒಂದು ದೇಶದಷ್ಟು ಜನ ಇದ್ದಾರೆ. ಬ್ರಿಟಿಷರ ಸೀಮೆಯ ದಾಖಲೆಗಳಲ್ಲಿ ಹೆಚ್ಚಿನ ಸಾವುಗಳು ಬರೀ 'ಜ್ವರ' ಎಂಬ ಕಲಮಿನಲ್ಲಿ ಬಿದ್ದವು. ನಾವಿದ್ದದ್ದು ನಿಜಾಮರ ಸೀಮೆಯಲ್ಲಿ. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 1.33 ಕೋಟಿ ಇದ್ದದ್ದು 1921ರ ಜನಗಣತಿಯಲ್ಲಿ ಸುಮಾರು 1.24 ಕೋಟಿಗೆ ಇಳಿದಿತ್ತು. ಬರ, ಪ್ಲೇಗು, ಕಾಲರಾ ಎಲ್ಲ ಅದರಲ್ಲಿ ಸೇರಿವೆ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು ಒಂಬತ್ತು ಲಕ್ಷ ಜನರಷ್ಟು ಕುಗ್ಗಿತ್ತು, ಮತ್ತು ಅದು ತಿಳಿದದ್ದು ಮುಂದಿನ ಗಣತಿಯ ಕಳೆಯುವ ಲೆಕ್ಕದಿಂದ.

ಹುಣಸಗಿಯ ಹೆಸರು ಹೊರಗಿನ ಪಂಡಿತರಿಗೆ ಗೊತ್ತಿರುವುದು ಕಲ್ಲುಗಳಿಂದ. ನಮ್ಮ ಮಗ್ಗುಲಿನ ಇಸಾಂಪುರದಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಿಂದಿನ ಜನ ಸುಣ್ಣಕಲ್ಲು ಒಡೆದು ಕೈಗೊಡಲಿ ಮಾಡಿದ ಜಾಗವನ್ನು ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಅಗೆದು ಶೋಧಿಸಿದರು. ಸಾವಿರಾರು ಚೂರುಗಳನ್ನು ಅವು ಬಿದ್ದ ಜಾಗದ ಸಮೇತ ದಾಖಲಿಸಿದ್ದಾರೆ. ಅಂಥ ಶ್ರದ್ಧೆಗೆ ಕೈಮುಗಿಯುತ್ತೇನೆ. ಅದೇ ಮಣ್ಣಿನಲ್ಲಿ ನೂರು ವರ್ಷದ ಹಿಂದೆ ಕೆಮ್ಮಿ ಸತ್ತ ನಮ್ಮ ಮುತ್ತಜ್ಜಂದಿರು ಎಷ್ಟು ಮಂದಿ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುವವರಿಲ್ಲ. ಆ ಕಲ್ಲಿನ ಚೂರುಗಳ ಭಾಗ್ಯ ಅವರಿಗೆ ಬರಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

2009ರ ಕಥೆಯೂ ಬೇರೆಯಾಗಲಿಲ್ಲ. ಪ್ರಯೋಗಾಲಯದಲ್ಲಿ ಖಚಿತವಾದ ಸಾವುಗಳು ಜಗತ್ತಿನಲ್ಲೆಲ್ಲ ಸೇರಿ ಸುಮಾರು 18,500. ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಮೊದಲ ವರ್ಷದಲ್ಲಿ ನಿಜವಾಗಿ ಸತ್ತವರು 1,51,700ರಿಂದ 5,75,400. ಅವರಲ್ಲಿ ಅರ್ಧದಷ್ಟು ಮಂದಿ ಆಫ್ರಿಕಾ ಮತ್ತು ಆಗ್ನೇಯ ಏಷ್ಯಾ ಪ್ರದೇಶದವರು. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಆಗ್ನೇಯ ಏಷ್ಯಾ ಎಂದರೆ ನಾವೂ ಸೇರುತ್ತೇವೆ.

ಬರೆಯುವುದರಿಂದ ಕೇಡೂ ಆಗುತ್ತದೆ, ಅದನ್ನು ಮುಚ್ಚಿಡಬಾರದು. 2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು, ಅದು ದೇಶದ ಮೊದಲ ಕೋವಿಡ್ ಸಾವು ಎಂದು ಗೊತ್ತಾಯಿತು. ಆಮೇಲೆ ನಮ್ಮ ರಾಜ್ಯದಲ್ಲಿ ಕ್ವಾರಂಟೈನ್ ಆದವರ ಕೈ ಮೇಲೆ ಮುದ್ರೆ ಒತ್ತಿದರು, ಬಾಗಿಲಿಗೆ ಚೀಟಿ ಅಂಟಿಸಿದರು. ಮುಂಬೈ, ಪುಣೆಗಳಿಂದ ಮರಳಿದ ನಮ್ಮದೇ ಜನರನ್ನು ಊರವರು ಅಗಸೆಯಲ್ಲಿ ತಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೆಸರು ಬರೆದುಕೊಂಡದ್ದು ಆ ಮನೆಗೆ ಅಕ್ಕಿ ಮುಟ್ಟಿಸಲಿಕ್ಕೆ, ಆಕ್ಸಿಜನ್ ನೋಡಲಿಕ್ಕೆ. ಅದನ್ನು ಬಾಗಿಲಿಗೆ ಹಚ್ಚಿದಾಗ ಅದು ದಾವೀದನ ಎಣಿಕೆಯಾಯಿತು. "ಹೆಸರ ಬರೀಬ್ಯಾಡ್ರಿ ಬಾಯಾರ, ಮಗಳ ಲಗ್ನ ಅದ" ಎಂದು ಕೈಮುಗಿದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು: ಹೆಸರು ನನ್ನ ಡೈರಿಯಲ್ಲಿ ಇರುತ್ತದೆ, ಮೇಲಕ್ಕೆ ಹೋಗುವುದು ಬರೀ ಒಂದು ಗೆರೆ, ಡೈರಿ ನನ್ನ ಚೀಲದಲ್ಲಿ ಇರುತ್ತದೆ. ಈ ಏರ್ಪಾಟು ನನಗೆ ಇಂದಿಗೂ ನ್ಯಾಯವೆನಿಸುತ್ತದೆ. ಮೇಲೇರಿದಂತೆ ಹೆಸರು ಉದುರಿ ಸಂಖ್ಯೆ ಉಳಿಯಲಿ. ಆದರೆ ಕೆಳಗೆ, ನಡೆದು ಹೋಗಿ ಮುಟ್ಟುವಷ್ಟು ಹತ್ತಿರದಲ್ಲಿ, ಒಬ್ಬರ ಬಳಿಯಾದರೂ ಹೆಸರು ಇರಲೇಬೇಕು. ಈಗ ಎಲ್ಲವೂ ಮೊಬೈಲು, ಟ್ಯಾಬಿನಲ್ಲಿ. ನಾನು ಅದರ ವಿರೋಧಿಯಲ್ಲ. ದಾರಿ ಕಡಿದರೂ ವರದಿ ಮುಟ್ಟುತ್ತದೆ. ಹೆಸರು ನಿಮಿಷದಲ್ಲಿ ದಿಲ್ಲಿಯವರೆಗೆ ಹೋಗುವ ಈ ಕಾಲದಲ್ಲಿ ಆ ಹೆಸರಿನ ಸಾಲ ಯಾರ ತಲೆ ಮೇಲೆ ಕೂತಿತು ಎಂದು ಈಗಿನ ಹುಡುಗಿಯರನ್ನು ಕೇಳುತ್ತಿರುತ್ತೇನೆ.

ಕೋವಿಡ್ ಸ್ವಲ್ಪ ತಣ್ಣಗಾದ ಮೇಲೆ ತಾಂಡಾದ ಒಬ್ಬ ಹೆಣ್ಣುಮಗಳು ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಅವಳ ಗಂಡ 2009ರ ಸೆಪ್ಟೆಂಬರಿನಲ್ಲಿ ಪುಣೆಯಿಂದ ಜ್ವರ ಹೊತ್ತು ಬಂದು ತೀರಿಕೊಂಡಿದ್ದ. ಗಂಟಲು ದ್ರವ ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ದುಡ್ಡಿಗಾಗಲಿ ಕಾಗದಕ್ಕಾಗಲಿ ಅವಳು ಬಂದಿರಲಿಲ್ಲ. ಟಿವಿಯಲ್ಲಿ ಅಷ್ಟೆಲ್ಲ ಲೆಕ್ಕ ಕೇಳಿದ ಮೇಲೆ ಅವಳಿಗೆ ಒಂದು ತಿಳಿಯಬೇಕಿತ್ತು. "ನಮ್ಮವ್ರಿಗಿ ಬಂದಿದ್ದು ಹಂದಿಜ್ವರೇನ್ರಿ ಬಾಯಾರ?" ಪರೀಕ್ಷೆ ಆಗಿಲ್ಲ ತಂಗಿ, ಹೇಳಲಿಕ್ಕೆ ಬರುವುದಿಲ್ಲ, ಇರಬಹುದು ಎಂದೆ. ಹಾಗೆ ಪರೀಕ್ಷೆಯಿಲ್ಲದೆ ಹೋದವರನ್ನೂ ಹಿಡಿದು ವಿಜ್ಞಾನಿಗಳು ಒಂದು ಅಂದಾಜು ಮಾಡಿದ್ದಾರೆ ಎಂದೆ.

"ಅಂದಾಜಿನಾಗ ಹೆಸರ ಇರಂಗಿಲ್ಲೇನ್ರಿ?"

ಇರುವುದಿಲ್ಲ ಎಂದೆ. ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದೆ. ಹೆಸರು, ಗಂಡು, ವಯಸ್ಸು, ಪುಣೆ, ಜ್ವರ ನಾಲ್ಕು ದಿನ, ಕೆಮ್ಮು, ದಮ್ಮು. ಎರಡನೆಯ ಸಲ ಹೋದ ತಾರೀಖು. ಆಮೇಲೆ ತೀರಿಕೊಂಡ ತಾರೀಖು. ಓದಲು ಬಾರದ ಅವಳಿಗೆ ಮಗ ಜೋರಾಗಿ ಓದಿ ಹೇಳಿದ. ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದ. ಮೇಲಿನ, ಕೆಳಗಿನ ಸಾಲುಗಳು ಕಾಣದಂತೆ ಎರಡೂ ಕೈ ಅಡ್ಡ ಹಿಡಿದೆ, ತೆಗೆದುಕೊಂಡ.